ಬೆನ್ನು ತಿರುಗಿಸಿ ಕೇಳುತ್ತಿದ್ದ ನಸೀಮಾ ಮೇಡಂ

ಜೂನ್ ಎಂಟು, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ಕಮಲಾಪುರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ನೆರಳಿರುವುದು ಈ ಹೊತ್ತಿನಲ್ಲಿ ಮಾತ್ರ.

ನಸೀಮಾ ಮೇಡಂ ಎಂದರೆ ನನಗೆ ಮೊದಲು ಕಾಣುವುದು ಅವರ ಬೆನ್ನು. ತರಗತಿಯಲ್ಲಿ ಯಾರಾದರೂ ತಾವು ಬರೆದದ್ದನ್ನು ಓದಲು ಎದ್ದು ನಿಂತರೆ ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟು, ನಮಗೆ ಬೆನ್ನು ಹಾಕಿ ಕುಳಿತುಬಿಡುತ್ತಿದ್ದರು. ನಮಗೆ ಕಾಣುತ್ತಿದ್ದುದು ಅರ್ಧ ನರೆತ ಕೂದಲಿನ ಸಣ್ಣ ಗಂಟು, ಇಸ್ತ್ರಿ ಮಾಡಿದ ಹತ್ತಿ ಸೀರೆಯ ಸೆರಗು, ಬಲಗೈಯಲ್ಲೊಂದು ಪೆನ್ನು. ಓದು ಸಾಗುತ್ತಿದ್ದಂತೆ ಎಲ್ಲೋ ಒಂದು ಕಡೆ ಆ ಕೈ ಭುಜದ ಮಟ್ಟಕ್ಕೆ ಏಳುತ್ತಿತ್ತು. ಮಾತಿಲ್ಲ, ತಿರುಗಿ ನೋಡುವುದಿಲ್ಲ. ಕೈ ಎದ್ದಿತೆಂದರೆ ಅಲ್ಲಿ ಬರೆದವರು ಸುಳ್ಳು ಬರೆದಿದ್ದಾರೆ ಎಂದು ಅರ್ಥ. ಆ ಸಾಲಿನ ಕೆಳಗೆ ನಾವೇ ಗೆರೆ ಎಳೆದುಕೊಳ್ಳಬೇಕು. ಯಾಕೆ, ಹೇಗೆ ಎಂದು ಕೇಳುವಂತಿರಲಿಲ್ಲ. ಮನೆಗೆ ಹೋಗಿ ಹುಡುಕಬೇಕಿತ್ತು.

ಮೊದಲ ವಾರ ಯಾರೋ ಧೈರ್ಯ ಮಾಡಿ, ನಮ್ಮ ಮುಖ ನೋಡಿ ಕೇಳಬಾರದೇ ಎಂದರು. ಮೇಡಂ ನಕ್ಕರು. “ಮಾರಿ ನೋಡಿದ್ರ ದಯಾ ಬರ್ತದ. ದಯಾ ಬಂತಂದ್ರ ಕಿವಿ ಬಂದ್ ಆಗ್ತದ.”

ಕಲಬುರಗಿಯ ನಮ್ಮ ಪದವಿ ಕಾಲೇಜಿನಲ್ಲಿ ‘ಸೃಜನಶೀಲ ಬರವಣಿಗೆ’ ಎಂಬ ಐಚ್ಛಿಕ ವಿಷಯವೊಂದು ಇತ್ತು. ಕವಿತೆ, ಕಥೆ, ಪ್ರಬಂಧ, ನಾಟಕ, ವ್ಯಕ್ತಿಚಿತ್ರ ಎಂದು ಐದು ಪ್ರಕಾರಗಳು. ಅದನ್ನು ಶುರು ಮಾಡಿದವರೂ ಪಾಠ ಹೇಳುತ್ತಿದ್ದವರೂ ನಸೀಮಾ ಮೇಡಂ ಒಬ್ಬರೇ. ನಾನು ಆ ವಿಷಯ ತೆಗೆದುಕೊಂಡದ್ದು ಬಿ.ಎ. ಎರಡನೇ ವರ್ಷದಲ್ಲಿ. ಆಸೆಪಟ್ಟು ತೆಗೆದುಕೊಂಡೆ ಎಂದರೆ ತಪ್ಪಾಗುತ್ತದೆ. ಕಮಲಾಪುರದ ಬಸ್ಸು ಹಿಡಿಯಲು ಹೊಂದುವಂತಿದ್ದ ವೇಳೆ ಅದೊಂದರದೇ ಆಗಿತ್ತು.

ಮೇಡಂ ಮನೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಒಂದು ಓಣಿಯಲ್ಲಿ. ಆಟೋದಲ್ಲಿ ಬಂದಿಳಿದು, ತರಗತಿಯ ಬಾಗಿಲ ಹಿಂದಿನ ಮೊಳೆಗೆ ಬುರ್ಖಾ ತೂಗುಹಾಕಿ, ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡರೆ ಪಾಠ ಶುರುವಾಯಿತೆಂದು ಲೆಕ್ಕ. ಮನೆಮಾತು ದಖನಿ ಉರ್ದು. ತರಗತಿಯಲ್ಲಿ ಆಡುತ್ತಿದ್ದುದು ಅಪ್ಪಟ ಕಲಬುರಗಿ ಕನ್ನಡ, ನಡುನಡುವೆ ‘ಜರಾ ಠೈರ್ರಿ’, ಅಂದರೆ ಸ್ವಲ್ಪ ತಾಳಿ, ಎನ್ನುವುದೊಂದು. ನೀವು ಕನ್ನಡ ಎಲ್ಲಿ ಕಲಿತಿರಿ ಎಂದು ಅವರನ್ನು ಕೇಳದ ಅತಿಥಿಯೇ ಇರಲಿಲ್ಲ. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: “ಕಲೀಲಿಲ್ರಿ. ಓಣ್ಯಾಗ ಬಿದ್ದಿತ್ತು, ಎತ್ತಿಕೊಂಡೆ.”

ಕವಿತೆಯ ತಿಂಗಳಲ್ಲಿ ಅವರು ಮಾಡಿದ ಮೊದಲ ಕೆಲಸ ನಮ್ಮಿಂದ ಕೆಲವು ಶಬ್ದಗಳನ್ನು ಕಿತ್ತುಕೊಂಡದ್ದು. ಪ್ರೀತಿ, ನೋವು, ಕನಸು, ಕಣ್ಣೀರು. ಈ ನಾಲ್ಕನ್ನೂ ಬೀಗದಲ್ಲಿಟ್ಟಿದ್ದೇನೆ, ಹೊಟ್ಟೆಗೆ ಬೇಕೇ ಬೇಕು ಅನ್ನಿಸಿದಾಗ ಬಂದು ಕೇಳಿ ಎಂದರು. ಹಿಂದಿನ ಬೆಂಚಿನ ಬಸವರಾಜನಿಗೆ ಇದರಿಂದ ದೊಡ್ಡ ನಷ್ಟವಾಯಿತು. ಅವನ ಕವಿತೆಗಳಲ್ಲಿ ಆ ನಾಲ್ಕನ್ನು ಬಿಟ್ಟರೆ ಉಳಿಯುತ್ತಿದ್ದುದು ಒಂದು ‘ಓ’ ಮಾತ್ರ. ಮರುವಾರ ಕಲಬುರಗಿಯ ಮೇ ತಿಂಗಳ ಬಗ್ಗೆ ಬರೆಯಲು ಹೇಳಿ, ‘ಬಿಸಿಲು’ ಎಂಬ ಶಬ್ದವನ್ನೂ ಬೀಗದೊಳಗೆ ಹಾಕಿದರು. ಬಸವರಾಜ ಎದ್ದು ನಿಂತ.

“ಮೇಡಂ, ಬಿಸಲಿಲ್ಲದ ಕಲಬುರಗಿ ಎಲ್ಲಿಂದ ತರ್ಲಿರಿ?”

“ಬಿಸಲು ತರಬ್ಯಾಡ. ಬಿಸಲಾಗ ನಿಂತವರನ್ನ ತಾ.”

ಅವನು ತಂದದ್ದು ಸೂಪರ್ ಮಾರ್ಕೆಟ್ ಬಳಿಯ ಒಬ್ಬ ಟ್ರಾಫಿಕ್ ಪೊಲೀಸನನ್ನು. ಲೈಟು ಕಂಬದ ನೆರಳು ಸರಿದಂತೆಲ್ಲ ಆ ಕಂಬದಗಲದ ನೆರಳಿನೊಳಗೇ ತಾನೂ ಸರಿಯುತ್ತ ಹೋಗುವ ಮನುಷ್ಯ. ಹದಿನಾಲ್ಕು ಸಾಲು. ಮೇಡಂ ಕೈ ಒಂದು ಸಲವೂ ಏಳಲಿಲ್ಲ. ಓದು ಮುಗಿದ ಮೇಲೂ ಅವರು ಕುರ್ಚಿ ತಿರುಗಿಸದೆ ಸ್ವಲ್ಪ ಹೊತ್ತು ಕಿಟಕಿಯ ಕಡೆಗೇ ನೋಡುತ್ತ ಕುಳಿತಿದ್ದರು. ಬಸವರಾಜ ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಂಡಕ್ಕಿ ಸೂಸಲಾ ಕೊಡಿಸಿದ.

ನನ್ನ ಕಥೆ ಬೇರೆ. ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವಳು. ಎಷ್ಟು ಗಂಟೆಗೆ ಎದ್ದೆ, ಯಾವ ಬಸ್ಸು, ಯಾರು ಸಿಕ್ಕರು, ಸಂತೆಯಲ್ಲಿ ಏನು ದರ, ಎಲ್ಲವೂ ಅದರಲ್ಲಿ ಇರುತ್ತದೆ. ಕಥೆ ಬರೆ ಎಂದರೆ ಕಥೆಯೂ ಹಾಗೇ ಬರುತ್ತಿತ್ತು. ನನ್ನ ಮೊದಲ ಕಥೆಗೆ ಮೇಡಂ ಕೈ ಒಂಬತ್ತು ಸಲ ಎದ್ದದ್ದನ್ನು ಅದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಕೊನೆಗೆ ಅವರು ತಿರುಗಿ ಕುಳಿತು, “ಮಹಾದೇವಿ, ನಿನ್ನ ಕಣ್ಣು ಚಲೋ ಅದ. ಆದ್ರ ನೀ ಊರು ನೋಡಾಕತ್ತಿಲ್ಲ, ಊರಿನ ಹಾಜರಿ ತಗೊಳ್ಳಾಕತ್ತಿ” ಎಂದರು. ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಹಾಜರಿ ತೆಗೆದುಕೊಳ್ಳುವವರೂ ಊರಿಗೆ ಬೇಕಲ್ಲ ಎಂದು ಆ ರಾತ್ರಿ ಬರೆದುಕೊಂಡೆ.

ನಾಟಕದ ತಿಂಗಳು ಬಂದಾಗ ಮೇಡಂ, ಮಾತು ಕಲಿಯಬೇಕಾದರೆ ಮಾತು ಇರುವಲ್ಲಿಗೆ ಹೋಗಬೇಕು ಎಂದರು. ಯಾವ ಊರು ಎಂಬ ಚರ್ಚೆ ನಡೆದು ಕಮಲಾಪುರದ ಸಂತೆ ಎಂದಾಯಿತು. ಸಂತೆಯ ದಿನ ಬೆಳಿಗ್ಗೆ ಎಲ್ಲರೂ ಹುಮನಾಬಾದ್ ಕಡೆಯ ಬಸ್ಸು ಹತ್ತಿ ನಮ್ಮೂರಲ್ಲಿ ಇಳಿದರು. ಒಬ್ಬೊಬ್ಬರೂ ಒಂದೊಂದು ಕಡೆ ಕುಳಿತು ಕೇಳಬೇಕು, ಸಂಜೆಗೆ ಮೂರೇ ಮೂರು ಮಾತು ತರಬೇಕು. ನನಗೆ ನನ್ನೂರಲ್ಲಿ ಕೇಳುವುದೇನಿದೆ ಎನ್ನಿಸಿ ನಾನು ಜೋಳದ ಸಾಲಿನಲ್ಲಿ ಕುಳಿತು ದರ ಬರೆದುಕೊಳ್ಳುತ್ತಿದ್ದೆ.

ಮೇಡಂ ಹೋಗಿ ಕುಳಿತದ್ದು ಬಸ್ ನಿಲ್ದಾಣದ ಮುಂದೆ, ನನ್ನ ಅವ್ವ ಮತ್ತು ದೊಡ್ಡವ್ವನ ನಡುವೆ.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ಅವ್ವ ಮತ್ತು ಚಂದಮ್ಮ ದೊಡ್ಡವ್ವ ಅಣ್ಣತಮ್ಮಂದಿರ ಹೆಂಡಂದಿರು. ಮನೆ ಭಾಗವಾದ ವರ್ಷ ಬಾವಿಯ ಹಗ್ಗ ಯಾರಿಗೆ ಸೇರಬೇಕು ಎನ್ನುವಲ್ಲಿಂದ ಮಾತು ಬೆಳೆದು, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಗ ನಾನು ಮೂರನೇ ತರಗತಿ. ಆದರೆ ಇಬ್ಬರೂ ಮಾರುವುದು ಒಂದೇ ತೋಟದ ಕೆಂಪು ಬಾಳೆ, ಕೂಡುವುದು ಅಕ್ಕಪಕ್ಕ. ಜಾಗ ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ. ಹಾಗಾಗಿ ಇಬ್ಬರ ನಡುವಿನ ಮಾತೆಲ್ಲ ಮೂರನೆಯವರ ಮೂಲಕ ನಡೆಯುತ್ತದೆ. ಗಿರಾಕಿ ದೊಡ್ಡ ನೋಟು ಕೊಟ್ಟರೆ ಅವ್ವ ಗಿರಾಕಿಗೆ, “ಆಕಿಗಿ ಕೇಳ್ರಿ, ಚಿಲ್ಲರ ಅದೇನು ಅಂತ” ಎನ್ನುತ್ತಾಳೆ. ಒಂದು ಮೊಳ ದೂರದಲ್ಲಿ ಕುಳಿತ ದೊಡ್ಡವ್ವ ಅದನ್ನು ಕೇಳಿಸಿಕೊಂಡು, ಚಿಲ್ಲರೆ ಎಣಿಸುತ್ತ, ಗಿರಾಕಿ ಬಾಯಿ ತೆರೆಯುವವರೆಗೆ ಕಾಯುತ್ತಾಳೆ. ಆಮೇಲೆ, “ಅದ ಅಂತ ಹೇಳ್ರಿ” ಎನ್ನುತ್ತಾಳೆ. ಗಿರಾಕಿ ಇಲ್ಲದಾಗ ಆ ಮೂರನೆಯವಳು ನಾನು. ಚಿಕ್ಕಂದಿನಿಂದ ಮಾಡುತ್ತ ಬಂದ ಕೆಲಸ. ನನ್ನ ಅಷ್ಟು ವರ್ಷಗಳ ದಿನಚರಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀರು ಸೇದಿದ್ದನ್ನು ಯಾರು ಬರೆದಿಡುತ್ತಾರೆ?

ಮೇಡಂ ಇಬ್ಬರಿಂದಲೂ ಎರಡೆರಡು ಹಣ್ಣು ಕೊಂಡು, ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದರಂತೆ. ಇಬ್ಬರೂ ಸಿಕ್ಕಿದ್ದೇ ಅವಕಾಶವೆಂದು ಮಧ್ಯಾಹ್ನದವರೆಗೆ ಅವರನ್ನು ದುಡಿಸಿಕೊಂಡಿದ್ದರು. ಆಕಿಗಿ ಹೇಳ್ರಿ, ಬಿಸಲು ಬಂತು, ಬುಟ್ಟಿ ಸರಸಲಿ. ಆಕಿಗಿ ಹೇಳ್ರಿ, ನನಗ ಕಣ್ಣು ಅವ. ಆಕಿಗಿ ಹೇಳ್ರಿ, ಕಣ್ಣಿದ್ದವರ ಹಣ್ಣು ಹಿಂಗ ಕರ್ರಗಾಗಂಗಿಲ್ಲ. ಮೇಡಂ ಒಂದಕ್ಷರ ಬಿಡದೆ ಆ ಕಡೆಯದು ಈ ಕಡೆ, ಈ ಕಡೆಯದು ಆ ಕಡೆ ದಾಟಿಸಿದ್ದರು. ನಾನು ಹುಡುಕಿಕೊಂಡು ಹೋದಾಗ ಅವರ ಮುಖದ ಮೇಲೆ ಒಳ್ಳೆಯ ಊಟ ಮಾಡಿದವರ ಸಮಾಧಾನವಿತ್ತು.

“ಯಾವಾಗಿಂದ ಈ ಟಪಾಲ ಹಂಚಾಕತ್ತಿ, ಮಹಾದೇವಿ?”

ಸಣ್ಣವಳಿದ್ದಾಗಿನಿಂದ ಎಂದೆ.

“ಮತ್ತ ಜ್ವಾಳದ ದರ ಯಾಕ ಬರಕೊಂಡಿ?”

ಆ ವಾರ ನಾನು ‘ಆಕಿಗಿ ಹೇಳ್ರಿ’ ಎಂಬ ಒಂದಂಕದ ನಾಟಕ ಬರೆದೆ. ಪಾತ್ರಗಳು ಮೂರು: ಅಕ್ಕಪಕ್ಕ ಕುಳಿತು ಹಣ್ಣು ಮಾರುವ ಇಬ್ಬರು ಹೆಂಗಸರು, ಅವರ ನಡುವೆ ಸಿಕ್ಕಿಬಿದ್ದು ಬಸ್ಸು ತಪ್ಪಿಸಿಕೊಳ್ಳುವ ಒಬ್ಬ ಗಿರಾಕಿ. ಕೊನೆಗೆ ಮಳೆ ಬರುತ್ತದೆ, ಗಿರಾಕಿ ಓಡಿಹೋಗುತ್ತಾನೆ, ಒಬ್ಬಳು ತನ್ನ ತಾಡಪತ್ರಿಯನ್ನು ಇನ್ನೊಬ್ಬಳ ಬುಟ್ಟಿಯ ಮೇಲೂ ಎಳೆಯುತ್ತಾಳೆ, ಇಬ್ಬರೂ ಹೆಸರು ಹಿಡಿದು ಕರೆದು ತಬ್ಬಿ ಅಳುತ್ತಾರೆ.

ತರಗತಿಯಲ್ಲಿ ರೇಷ್ಮಾ, ಸುನಂದಾ ಮತ್ತು ಬಸವರಾಜ ಓದಿದರು. ಎಲ್ಲರೂ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಮೂವರು ಹುಡುಗಿಯರು ಕಣ್ಣು ಒರೆಸಿಕೊಂಡರು. ಮೇಡಂ ಕೈ ಉದ್ದಕ್ಕೂ ಮಡಿಲಲ್ಲೇ ಇತ್ತು. ಇಬ್ಬರು ಹೆಂಗಸರು ತಬ್ಬಿಕೊಂಡ ಸಾಲಿಗೆ ಎದ್ದಿತು. ಎಲ್ಲರಿಗೂ ಹಿಡಿಸಿದ ಆ ಸಾಲು ತಪ್ಪೆಂದು ನಾನು ಒಪ್ಪಲಿಲ್ಲ. ಮೇಡಂ ವಾದ ಮಾಡಲಿಲ್ಲ. ಯಾರ ಬಗ್ಗೆ ಬರೆದಿದ್ದೀಯೋ ಅವರ ಮುಂದೆ ಓದು, ಅವರು ಹೂಂ ಅನ್ನದೆ ಇದು ಈ ಖೋಲಿಯಿಂದ ಹೊರಗೆ ಹೋಗುವುದಿಲ್ಲ ಎಂದರು. ಅದು ಅವರ ತರಗತಿಯ ಹಳೆಯ ನಿಯಮ. ಗುರುತು ಸಿಗುವಂಥ ಮನುಷ್ಯರ ಬಗ್ಗೆ ಬರೆದರೆ ಮೊದಲ ಓದು ಅವರಿಗೆ. ಬಸವರಾಜ ತನ್ನ ಪೊಲೀಸನನ್ನು ಹುಡುಕಿಕೊಂಡು ಹೋಗಿ, ಕಂಬದ ಕೆಳಗೇ ನಿಂತು ಕವಿತೆ ಓದಿ ಬಂದಿದ್ದ.

ಇದೇ ಹೊತ್ತಿಗೆ ಪ್ರಾಚಾರ್ಯರು ಮೇಡಂ ಅವರನ್ನು ಕರೆಸಿದರು. ಆಡಳಿತ ಮಂಡಳಿಗೆ ಈ ವಿಷಯ ಮುಂದುವರಿಸುವ ಮನಸ್ಸಿಲ್ಲ, ಅದರ ಬದಲು ಕಂಪ್ಯೂಟರಿನದೊಂದು ವಿಷಯ ತರಬೇಕೆಂದಿದ್ದಾರೆ, ಕಥೆ ಕವನವನ್ನು ಮನೆಯಲ್ಲೂ ಬರೆಯಬಹುದಲ್ಲ ಎಂಬುದು ಅವರ ಮಾತು. ಆದರೂ ವಾರ್ಷಿಕೋತ್ಸವಕ್ಕೆ ಅವರೆಲ್ಲ ಬರುತ್ತಾರೆ, ಅವತ್ತು ನಿಮ್ಮ ಮಕ್ಕಳು ಏನಾದರೂ ಗಟ್ಟಿಯಾದದ್ದು ತೋರಿಸಿದರೆ ನಾನು ಮಾತಾಡುತ್ತೇನೆ ಎಂದರು. ಪ್ರಾಚಾರ್ಯರು ಕೆಟ್ಟವರಲ್ಲ. ಇರುವ ಒಂದೇ ದಾರಿ ತೋರಿಸಿದ್ದರು. ನಮ್ಮ ಹತ್ತಿರ ಗಟ್ಟಿಯಾದದ್ದು ಅಂತ ಇದ್ದದ್ದು ‘ಆಕಿಗಿ ಹೇಳ್ರಿ’ ಒಂದೇ. ಎಲ್ಲರೂ ನನ್ನ ಕಡೆ ನೋಡತೊಡಗಿದರು.

ಮೇಡಂ ನನ್ನ ಜೊತೆ ಮತ್ತೆ ಕಮಲಾಪುರಕ್ಕೆ ಬಂದರು. ಭಾಗವಾದ ನಮ್ಮ ಮನೆಗೆ ಎರಡು ಬಾಗಿಲು, ಕಟ್ಟೆ ಮಾತ್ರ ಒಂದೇ. ಅವ್ವ ಒಂದು ಬಾಗಿಲಲ್ಲಿ, ದೊಡ್ಡವ್ವ ಇನ್ನೊಂದರಲ್ಲಿ, ಮೇಡಂ ಕಟ್ಟೆಯ ನಟ್ಟನಡುವೆ. ನಾನು ನಿಂತು ಓದಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ದೊಡ್ಡವ್ವನ ಮುಖ ಮೊದಮೊದಲು ಸಡಿಲಾಗಿಯೇ ಇತ್ತು. ತನ್ನ ಮಾತು ಬಂದಾಗ ತಲೆಯಾಡಿಸುತ್ತಿದ್ದಳು. ತಬ್ಬಿ ಅಳುವಲ್ಲಿಗೆ ಬಂದಾಗ ಅವಳು ಎದ್ದು ನಿಂತಳು.

ಮೊದಲು ಮಾತಾಡಿದವಳು ಅವ್ವ. ಅವಳ ತಕರಾರು ಬೇರೆಯೇ ಆಗಿತ್ತು. “ಮೇಡಂರೀ, ಆಕಿಗಿ ಮಾತ ಹೆಚ್ಚಾಗ್ಯಾವ. ನನ್ನ ಮಗಳು ಬರದದ್ದು, ನನಗೇ ಕಡಿಮಿ.” ನಾನು ಎಣಿಸಿ ಸರಿಮಾಡುತ್ತೇನೆ ಎಂದೆ. ಮೇಡಂ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿ, ನಾಟಕ ತಕ್ಕಡಿಯಲ್ಲ ಎಂದು ಅವ್ವನಿಗೆ ತಿಳಿಹೇಳಿದರು. ಆಮೇಲೆ ದೊಡ್ಡವ್ವನ ಕಡೆ ತಿರುಗಿ, “ನೀವು ಏನಂತೀರಿ, ಅಕ್ಕಾ?” ಎಂದರು.

“ಬ್ಯಾಡ್ರಿ.”

ನಾನು ಕೊನೆಯನ್ನು ಬದಲಿಸುತ್ತೇನೆ ಎಂದು ಮುಂದೆ ಹೋದೆ. ದೊಡ್ಡವ್ವ ನನ್ನ ಕಡೆ ನೋಡಲಿಲ್ಲ.

“ನಾ ಆಕಿನ್ನ ಕರದಿಲ್ಲ, ಅತ್ತೂ ಇಲ್ಲ. ಮಾದೇವಿ ನನ್ನ ಬಾಯಾಗ ಇಲ್ಲದ್ದು ಇಟ್ಟಾಳ. ಅದು ತಗದ್ರೂ ಬ್ಯಾಡ್ರಿ. ನಮ್ಮ ಕಟ್ಟಿ ಮಾತು ನಮ್ಮ ಕಟ್ಟೀ ಮ್ಯಾಲೇ ಇರ್ಲಿ. ಅಲ್ಲಿ ಕಲಬುರಗ್ಯಾಗ ಕುರ್ಚಿ ಮ್ಯಾಲ ಕುಂತ ಮಂದಿ ನಕ್ಕೊಂತ ನೋಡೂದು ನನಗ ಬ್ಯಾಡ.”

ಮೇಡಂ, “ಆಯ್ತ್ರಿ ಅಕ್ಕಾ, ಮಾಡಂಗಿಲ್ಲ” ಎಂದರು. ಒಂದು ಸಲವೂ ಪುಸಲಾಯಿಸಲಿಲ್ಲ. ತಮ್ಮ ವಿಷಯ ನಿಂತುಹೋಗುವುದರಲ್ಲಿದೆ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. ದೊಡ್ಡವ್ವ ಒಳಗೆ ಹೋಗಿ ಚಹಾ ತಂದಳು. ಕುಡಿದು ಬಸ್ಸಿಗೆ ನಡೆದೆವು.

ಮರುದಿನ ತರಗತಿಯಲ್ಲಿ ನಡೆದದ್ದು ಜಗಳವೇ. ಬಸವರಾಜ ನನ್ನನ್ನು, “ನಿಮ್ಮ ದೊಡ್ಡವ್ವ ಒಂದು ಹೂಂ ಅಂದಿದ್ರ ಏನ್ ಗಂಟು ಹೋಗ್ತಿತ್ತು?” ಎಂದು ಕೇಳಿದ. ರೇಷ್ಮಾ, ಹೆಸರು ಬದಲಿಸೋಣ, ಊರಿಗೆ ತಾಜಸುಲ್ತಾನಪುರ ಎಂದಿಡೋಣ, ಬಾಳೆಹಣ್ಣಿನ ಬದಲು ಪೇರಲ ಮಾರಲಿ ಎಂದಳು. ದೊಡ್ಡವ್ವ ಕಾಲೇಜಿನ ಕಡೆ ತಲೆ ಹಾಕುವವಳೂ ಅಲ್ಲ, ಅವಳಿಗೆ ಗೊತ್ತಾಗುವುದಾದರೂ ಹೇಗೆ ಎಂದಿತು ಇನ್ನೊಂದು ಬೆಂಚು. ನಿಜ ಹೇಳಬೇಕೆಂದರೆ ನನಗೂ ಅದು ಸರಿ ಎನ್ನಿಸಿತ್ತು. ಆ ವಿಷಯ ಮೇಡಂ ಅವರ ಹದಿನೈದು ವರ್ಷದ ಕೆಲಸ. ಅದು ನನ್ನ ಮನೆಯ ಒಂದು ‘ಬ್ಯಾಡ’ದಿಂದ ನಿಂತುಹೋಗುವುದನ್ನು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ನನ್ನನ್ನೇ ನೋಡಿ ಹೇಳಿದರು: “ಬರದದ್ದು ನಿಂದು, ಖರೇ. ಬದುಕು, ಬಾಳೇವು ಆಕಿದು. ಬಾಳೇವು ಮಾಡಿದವರು ಬ್ಯಾಡಂದ ಮ್ಯಾಲ ಹೆಸರು ಬದಲಿ ಮಾಡೂದು ಬರವಣಿಗಿ ಅಲ್ಲ, ಕಳವು.” ಅಲ್ಲಿಗೆ ಆ ಮಾತು ಮುಗಿಯಿತು. ನನ್ನ ಹಾಳೆಗಳನ್ನು ನನಗೇ ಕೊಟ್ಟು, ಮನೆಯಲ್ಲಿಡು ಎಂದರು.

ವಾರ್ಷಿಕೋತ್ಸವದ ಸಂಜೆ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಏಕಾಂಕ ನಾಟಕ’ ಎಂದು ಮೊದಲೇ ಅಚ್ಚಾಗಿಬಿಟ್ಟಿತ್ತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯವರು ಶಾಲು ಹೊದ್ದು ಕುಳಿತಿದ್ದರು. ನಿರೂಪಕಿ ನಾಟಕ ಎಂದು ಕೂಗಿದಳು. ವೇದಿಕೆಗೆ ಬಂದದ್ದು ಮೇಡಂ ಒಬ್ಬರೇ. ಮೈಕಿನ ಎತ್ತರ ಸರಿಮಾಡಿಕೊಂಡು ಹೇಳಿದ ಮಾತನ್ನು ಅದೇ ಸಭೆಯಲ್ಲಿ ಕುಳಿತು ನಾನು ಬರೆದುಕೊಂಡಿದ್ದೇನೆ.

“ಇವತ್ತ ಒಂದು ನಾಟಕ ಇತ್ರಿ. ನಮ್ಮ ಹುಡುಗಿ ಬರದದ್ದು, ಬಹಳ ಚಲೋ ನಾಟಕ. ಅದು ಯಾರ ಬಗ್ಗೆ ಅದನೋ ಅವರು ಬ್ಯಾಡಂದಾರ. ಅದಕ್ಕ ಇಲ್ಲ. ಈ ನಾಟಕ ಆಡದೇ ಇರೂದೂ ನಮ್ಮ ಪಾಠದಾಗಿಂದೇ ಅಂತ ತಿಳ್ಕೋರಿ.”

ಅಷ್ಟು ಹೇಳಿ ಕೆಳಗಿಳಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಆ ಜಾಗದಲ್ಲಿ ನಮ್ಮವರು ನಾಲ್ಕು ಜನ ಕವಿತೆ, ಸಣ್ಣ ಪ್ರಬಂಧ ಓದಿದರು. ಬಸವರಾಜನ ಪೊಲೀಸನಿಗೆ ಒಳ್ಳೆಯ ಚಪ್ಪಾಳೆ ಬಿತ್ತು, ಉಳಿದವಕ್ಕೆ ಅಷ್ಟಕ್ಕಷ್ಟೇ. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಆಡದ ನಾಟಕಕ್ಕೆ ನನ್ನ ಎದೆ ಅಷ್ಟು ಉಬ್ಬಬಹುದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ತರಗತಿಯ ಹುಡುಗಿಯೊಬ್ಬಳು, ಯಾರದು ನಾಟಕ ಎಂದು ಕೇಳಿದಾಗ ನಂದು ಎಂದೆ.

ಆಡಳಿತ ಮಂಡಳಿಯವರು ಏನು ತಿಳಿದುಕೊಂಡರೋ ದೇವರೇ ಬಲ್ಲ. ಸಭೆಯಲ್ಲಿ ಒಬ್ಬರು ವಿಷಯ ತೆಗೆಯಿರಿ ಎಂದರಂತೆ, ಇನ್ನೊಬ್ಬರು ಅಷ್ಟು ಜನರ ಮುಂದೆ ಹಾಗೆ ನಿಂತು ಹೇಳುವ ಮಾಸ್ತರಿಕೆ ಈಗೆಲ್ಲಿದೆ ಎಂದರಂತೆ. ಪ್ರಾಚಾರ್ಯರು ನಡುವಿನ ದಾರಿ ಹಿಡಿದು, ಮುಂದಿನ ವರ್ಷ ನೋಡೋಣ ಎಂದು ಬರೆಸಿದರು. ಮುಂದಿನ ವರ್ಷವೂ ಹಾಗೇ ಬರೆಸಿದರು. ಆ ವಿಷಯ ಇಂದಿಗೂ ನಡೆದಿರುವುದು ಅದೇ ಒಂದು ಸಾಲಿನ ಮೇಲೆ. ಮೇಡಂ ಮಾತ್ರ ನಿವೃತ್ತರಾದರು.

ನಾನು ಆ ಹಾಳೆಗಳನ್ನು ಮನೆಯಲ್ಲಿಟ್ಟೆ, ಆದರೆ ಬಿಡಲಿಲ್ಲ. ಬಿ.ಎ. ಮುಗಿದು ಎಂ.ಎ. ಸೇರಿದ ಮೇಲೂ ರಜೆಯ ದಿನ ಅವ್ವ, ದೊಡ್ಡವ್ವನ ನಡುವೆ ಬುಟ್ಟಿ ಬೋರಲು ಹಾಕಿಕೊಂಡು ಕೂಡುತ್ತಿದ್ದೆ. ಬರೆದುಕೊಳ್ಳಲು ಏನನ್ನೂ ಒಯ್ಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕಾಲದ ಮಳೆ ಬಂತು. ಗಿರಾಕಿಗಳೆಲ್ಲ ಬಸ್ ನಿಲ್ದಾಣದೊಳಗೆ ಓಡಿದರು, ನಾನೂ ಓಡಿದೆ. ತಿರುಗಿ ನೋಡಿದರೆ ದೊಡ್ಡವ್ವ ತನ್ನ ತಾಡಪತ್ರಿಯ ಒಂದು ಅಂಚನ್ನು ಅವ್ವನ ಬುಟ್ಟಿಯ ಕಡೆ ಎಸೆದು, ಎದುರಿಗೆ ಯಾರೂ ಇಲ್ಲದ ಖಾಲಿ ರಸ್ತೆಗೆ, “ಆಕಿಗಿ ಹೇಳ್ರಿ, ಗಟ್ಟಿ ಹಿಡಿಲಿ” ಎನ್ನುತ್ತಿದ್ದಳು. ಅವ್ವ ಗಟ್ಟಿಯಾಗಿ ಹಿಡಿದಿದ್ದಳು. ಮೇಡಂ ಕೈ ಅಂದು ಯಾಕೆ ಎದ್ದಿತೆಂದು ನನಗೆ ಆಗ ತಿಳಿಯಿತು. ನಾಟಕದ ಕೊನೆಯನ್ನು ಹಾಗೇ ಬದಲಿಸಿದೆ. ಆಡಿಸಲೆಂದಲ್ಲ. ಸರಿಯಾಗಿರಲಿ ಎಂದು.

ಅದನ್ನು ಓದಲೇ ಎಂದು ದೊಡ್ಡವ್ವನನ್ನು ನಾನು ಕೇಳಲಿಲ್ಲ. ಕೇಳಿದವಳು ಅವಳೇ. ಅಂದು ಬರೆದದ್ದು ಎಲ್ಲಿದೆ ಎಂದಳು. ಓದಿದೆ. ರಸ್ತೆಗೆ ಹೇಳುವ ಮಾತು ಮುಗಿದೊಡನೆ, “ಮಾಡ್ರಿ. ಆದ್ರ ಕಲಬುರಗ್ಯಾಗ ಅಲ್ಲ, ಇಲ್ಲಿ. ನಮ್ಮ ಮಂದಿ ಮುಂದ” ಎಂದಳು.

ಸಂತೆ ಎದ್ದುಹೋದ ಒಂದು ಸಂಜೆ, ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ ಆಡಿದೆವು. ಬಸವರಾಜ ಆಗ ಬೀದರದಲ್ಲಿ ಕೆಲಸಕ್ಕಿದ್ದ, ಗಿರಾಕಿಯ ಪಾತ್ರಕ್ಕೆಂದು ರಜೆ ಹಾಕಿ ಬಂದ. ಮೇಡಂ ಕಲಬುರಗಿಯಿಂದ ಒಬ್ಬರೇ ಬಸ್ಸಿನಲ್ಲಿ ಬಂದರು. ಮೈ ಇಳಿದಿತ್ತು, ಮೆಟ್ಟಿಲು ಇಳಿಯುವಾಗ ಕಂಡಕ್ಟರ್ ಕೈ ಹಿಡಿದ. ಹೆಂಗಸರ ನಡುವೆ ಗೋಣಿಚೀಲದ ಮೇಲೆ ಕುಳಿತರು. ಅವ್ವ ಎಡಕ್ಕೆ ಮೊದಲ ಸಾಲು, ದೊಡ್ಡವ್ವ ಬಲಕ್ಕೆ ಮೊದಲ ಸಾಲು. ಊರು ನಕ್ಕಿತು. ಕೊನೆಯ ಮಾತಿಗೆ ಯಾರೂ ನಗಲಿಲ್ಲ. ದೊಡ್ಡವ್ವ ಕುಳಿತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, “ಹೌದು, ಹಂಗೇ ಅಂದಿದ್ದೆ ನಾ” ಎಂದಳು. ಆಮೇಲೆ ಚಪ್ಪಾಳೆ ಬಿತ್ತು.

ಮಂದಿ ಚದುರಿದ ಮೇಲೆ ಮೇಡಂ ದೊಡ್ಡವ್ವನ ಹತ್ತಿರ ಹೋಗಿ ಕುಳಿತರು. ನಾನು ಅಲ್ಲೇ ನಿಂತಿದ್ದೆ.

“ಅವತ್ತ ಬ್ಯಾಡಂದ್ರಿ. ಇವತ್ತ ಯಾಕ ಹೂಂ ಅಂದ್ರಿ, ಅಕ್ಕಾ?”

ದೊಡ್ಡವ್ವ ಬುಟ್ಟಿಯ ಸಿಂಬೆ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸದೆ ಹೇಳಿದಳು.

“ನಾ ಬ್ಯಾಡಂದೆ, ನೀವು ಬಿಟ್ರಿ. ಲಗ್ನದಾಗ ಬ್ಯಾಡಂದಿದ್ದೆ, ಮನಿ ಭಾಗ ಮಾಡೂವಾಗ ಬ್ಯಾಡಂದಿದ್ದೆ. ನಾ ಬ್ಯಾಡಂದದ್ದು ಯಾರೂ ಬಿಟ್ಟಿದ್ದಿಲ್ರಿ. ನೀವೇ ಮೊದಲಿಗಿ.”

ಮೇಡಂ ದೊಡ್ಡವ್ವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕುಳಿತರು. ಬಸ್ಸು ಬಂದಾಗ ನನಗೆ, ಬರ್ತೇನಿ ಮಹಾದೇವಿ ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಈ ಮಾರ್ಚಿನಲ್ಲಿ ಮೇಡಂ ತೀರಿಕೊಂಡರು. ಸುದ್ದಿ ಬಂದ ಬೆಳಿಗ್ಗೆ ದೊಡ್ಡವ್ವ ತನ್ನ ಬಾಗಿಲಲ್ಲಿ ನಿಂತು ನನಗೆ, “ನಿಮ್ಮವ್ವಗ ಹೇಳು, ಮೊದಲ ಬಸ್ಸಿಗಿ ಹೋಗೂದದ ಅಂತ” ಎಂದಳು. ಅವ್ವ ಆಗಲೇ ಸೀರೆ ಉಟ್ಟು ನಿಂತಿದ್ದಳು. ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕುಳಿತು ರೋಜಾಕ್ಕೆ ಬಂದರು. ಮೇಡಂ ಮನೆಯಲ್ಲಿ ಹೆಂಗಸರು ಕುಳಿತ ಖೋಲಿಯಲ್ಲಿ ಜಾಗ ಕಡಿಮೆಯಿತ್ತು. ಅಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು, ಮಾತಾಡಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನು ಬರೆಯುವುದಿಲ್ಲ. ಬರೆದಷ್ಟನ್ನೂ ಇಬ್ಬರಿಗೂ ಓದಿ, ಹೂಂ ಅನ್ನಿಸಿಕೊಂಡ ಮೇಲೆಯೇ ಪತ್ರಿಕೆಗೆ ಕಳಿಸುತ್ತೇನೆ.

ನಮ್ಮ ತರಗತಿಯವರು ಕೂಡಿ ಮೇಡಂ ಅವರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದೇವೆ. ನಮ್ಮಲ್ಲಿ ಈಗ ಇಬ್ಬರು ಕನ್ನಡ ಮೇಷ್ಟ್ರುಗಳು, ಒಬ್ಬಳು ಆಕಾಶವಾಣಿಗೆ ನಾಟಕ ಬರೆಯುತ್ತಾಳೆ, ಬಸವರಾಜನ ಕವಿತೆಗಳು ಪತ್ರಿಕೆಗಳಲ್ಲಿ ಬರುತ್ತವೆ. ಎಲ್ಲರಿಗೂ ಗೊತ್ತಿರುವುದು ನಮ್ಮ ಒಂದೊಂದು ವರ್ಷದ ಮೇಡಂ ಮಾತ್ರ. ಅವರು ಪಾಠವನ್ನು ಎಂದೂ ಬರೆದಿಟ್ಟುಕೊಂಡವರಲ್ಲ, ಪ್ರತಿ ತಂಡಕ್ಕೂ ಬೇರೆಯೇ ಹೇಳುತ್ತಿದ್ದರಂತೆ. ತಾವು ಬರೆದ ಒಂದು ಸಾಲನ್ನೂ ನಮಗೆ ತೋರಿಸಲಿಲ್ಲ. ಬರೆದಿದ್ದರೋ ಇಲ್ಲವೋ, ಬರೆದಿದ್ದರೆ ಕನ್ನಡದಲ್ಲೋ ದಖನಿಯಲ್ಲೋ, ಅದೂ ತಿಳಿಯದು. ನಮಗಿಂತ ಮೊದಲು ಅವರ ಹತ್ತಿರ ಕಲಿತವರು, ರೋಜಾದ ಓಣಿಯಲ್ಲಿ ಅವರ ಜೊತೆ ಬೆಳೆದವರು, ಬಸ್ಸಿನಲ್ಲಿ ಪಕ್ಕ ಕುಳಿತು ಮಾತಾಡಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ತಾರೀಖು ನೆನಪಿದ್ದರೆ ಹಾಕಿ, ಇಲ್ಲದಿದ್ದರೆ ಚಿಂತೆಯಿಲ್ಲ. ಅವರು ಆಡಿದ ಮಾತನ್ನು ಮಾತ್ರ ಅವರು ಆಡಿದ ಹಾಗೇ ಬರೆಯಿರಿ. ಅಚ್ಚಿಗೆ ಹೋಗುವ ಮೊದಲು ಒಮ್ಮೆ ನಿಮಗೇ ಓದಿ ಹೇಳುತ್ತೇವೆ. ಬೇಡವೆಂದರೆ ಬಿಡುತ್ತೇವೆ.